ಕಾಲುದಾರಿ ತಾನಾಗಿಯೇ ಉಳಿಯುತ್ತದೆಯೇ? ಸೈಕಲ್ ಚಕ್ರ ಹಿಡಿದು ಬೆಟ್ಟ ಅಳೆದ ವಕೀಲನ ಕಥೆ

ಕಾಡಿನ ಕಾಲುದಾರಿಯನ್ನು ಯಾರೂ ಮಾಡಬೇಕಿಲ್ಲ, ಜನ ಓಡಾಡುತ್ತಿದ್ದರೆ ಸಾಕು, ಅದು ಉಳಿದುಕೊಳ್ಳುತ್ತದೆ. ಹೀಗೆಂದು ಬಹಳ ಮಂದಿ ನಂಬಿದ್ದಾರೆ. ಅಮೆರಿಕದ ಅಪಲಾಚಿಯನ್ ಟ್ರೇಲ್‌ನ ಚಂದದ ಫೋಟೊ ಹಾಕಿ, ಇದನ್ನು ಒಬ್ಬನೇ ಮಾಡಿದ ಎಂದೋ, ಸರ್ಕಾರವೇ ಮಾಡಿಸಿತು ಎಂದೋ ಬರೆದ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಮುಂದೆ ಕಳಿಸುವ ಮೊದಲು ಮೈರನ್ ಏವರಿಯ ಬಗ್ಗೆ ಎರಡು ನಿಮಿಷ ಓದಿ.

ಈ ದಾರಿ ದಕ್ಷಿಣದ ಜಾರ್ಜಿಯಾದಿಂದ ಉತ್ತರದ ಮೇನ್ ರಾಜ್ಯದವರೆಗೆ 14 ರಾಜ್ಯಗಳನ್ನು ದಾಟುತ್ತದೆ. ಉದ್ದ ಸುಮಾರು 3,500 ಕಿಲೋಮೀಟರ್. ಇದರ ಕಲ್ಪನೆ ಬೆಂಟನ್ ಮೆಕಾಯ್ ಎಂಬ ಅರಣ್ಯ ತಜ್ಞರದು. 1921ರಲ್ಲಿ ಅವರು ವಾಸ್ತುಶಿಲ್ಪಿಗಳ ಪತ್ರಿಕೆಯೊಂದರಲ್ಲಿ ಬರೆದ ಲೇಖನದಿಂದ ಇದು ಶುರುವಾಯಿತು. ಹೆಸರು ಬಂದದ್ದೂ ಅವರಿಗೇ. ಆದರೆ ಲೇಖನ ಬಂದು ಐದಾರು ವರ್ಷ ಕಳೆದರೂ ನೆಲದ ಮೇಲೆ ಹೊಸದಾಗಿ ಆದದ್ದು ಬಹಳ ಕಡಿಮೆ.

ಏವರಿ ಹುಟ್ಟಿದ್ದು 1899ರಲ್ಲಿ, ಮೇನ್‌ನ ಕಡಲತೀರದ ಲೂಬೆಕ್ ಎಂಬ ಊರಿನಲ್ಲಿ. ಹಾರ್ವರ್ಡ್‌ನಲ್ಲಿ ಕಾನೂನು ಓದಿ, ವಾಷಿಂಗ್ಟನ್‌ನಲ್ಲಿ ಹಡಗು ವ್ಯವಹಾರದ ವಕೀಲರಾಗಿ ಸರ್ಕಾರಿ ಕೆಲಸಕ್ಕೆ ಸೇರಿದರು. 1927ರ ನವೆಂಬರಿನಲ್ಲಿ ಕೆಲವೇ ಗೆಳೆಯರ ಜೊತೆ ಪೊಟೊಮ್ಯಾಕ್ ಅಪಲಾಚಿಯನ್ ಟ್ರೇಲ್ ಕ್ಲಬ್ ಕಟ್ಟಿದರು. ವಾರವಿಡೀ ಕಚೇರಿ, ವಾರಾಂತ್ಯಕ್ಕೆ ಕತ್ತರಿ, ಕೊಡಲಿ, ಬಣ್ಣದ ಡಬ್ಬ ಹಿಡಿದು ಬೆಟ್ಟ. ಸಂಬಳ ಇಲ್ಲ, ಭತ್ಯೆಯೂ ಇಲ್ಲ.

ಅವರ ಕೈಯಲ್ಲಿ ಯಾವಾಗಲೂ ಒಂದು ಚಕ್ರ ಇರುತ್ತಿತ್ತು. ಸೈಕಲ್ಲಿನ ಚಕ್ರಕ್ಕೆ ಹಿಡಿಕೆ ಮತ್ತು ಸುತ್ತು ಎಣಿಸುವ ಮೀಟರ್ ಜೋಡಿಸಿದ ಸಾಧನ ಅದು. ಚಕ್ರದ ಸುತ್ತಳತೆ ಗೊತ್ತಿದ್ದರೆ, ಸುತ್ತಿನ ಸಂಖ್ಯೆಯಿಂದ ಗುಣಿಸಿದರೆ ದೂರ ಸಿಗುತ್ತದೆ. ಜಿಪಿಎಸ್ ಇಲ್ಲದ ಕಾಲದಲ್ಲಿ ಇಷ್ಟೇ ಉಪಾಯ. ಅದನ್ನು ತಳ್ಳಿಕೊಂಡು ಕಲ್ಲು, ಬೇರು, ಕೆಸರಿನಲ್ಲಿ ನಡೆಯುತ್ತ, ನೀರು ಎಲ್ಲಿದೆ, ತಿರುವು ಎಲ್ಲಿದೆ ಎಂದು ಬರೆದುಕೊಂಡು, ಅದರಿಂದಲೇ ಮಾರ್ಗದರ್ಶಿ ಪುಸ್ತಕಗಳನ್ನು ಮಾಡಿದರು. 1936ರ ಹೊತ್ತಿಗೆ ಇಡೀ ಮಾರ್ಗವನ್ನು ತುಂಡುತುಂಡಾಗಿ ನಡೆದು ಮುಗಿಸಿದ್ದರು. ಹಾಗೆ ನಡೆದವರಲ್ಲಿ ಅವರೇ ಮೊದಲಿಗರು.

ಈಗ ವಿಜ್ಞಾನಕ್ಕೆ ಬರೋಣ. ಜನ ನಡೆದಷ್ಟೂ ಮಣ್ಣು ಗಟ್ಟಿಯಾಗುತ್ತದೆ. ಗಟ್ಟಿ ಮಣ್ಣು ಮಳೆನೀರನ್ನು ಹೀರುವುದಿಲ್ಲ. ಇಳಿಜಾರಿನ ದಾರಿ ಆಗ ಚರಂಡಿಯೇ ಆಗಿಬಿಡುತ್ತದೆ. ನೀರು ಓಡುತ್ತ ವೇಗ ಪಡೆಯುತ್ತದೆ, ಮೊದಲು ಮಣ್ಣು, ಆಮೇಲೆ ಸಣ್ಣ ಕಲ್ಲು ಕೊಚ್ಚಿಕೊಂಡು ಹೋಗಿ ಕೊರಕಲು ಬೀಳುತ್ತದೆ. ನಡೆಯುವವರು ಕೊರಕಲು ತಪ್ಪಿಸಲು ಪಕ್ಕದ ಹುಲ್ಲು ತುಳಿಯುತ್ತಾರೆ, ದಾರಿ ಅಗಲವಾಗುತ್ತದೆ, ಅಲ್ಲೂ ಅದೇ ಕಥೆ. ಅಂದರೆ ಓಡಾಟವೇ ದಾರಿಯನ್ನು ಕೆಡಿಸುತ್ತದೆ. ಓಡಾಟ ಕಡಿಮೆಯಾದರೂ ಕಷ್ಟವೇ: ಒಂದೆರಡು ಬೇಸಿಗೆಯಲ್ಲಿ ಪೊದೆ ಬೆಳೆದು, ಮರ ಬಿದ್ದು ದಾರಿ ಮುಚ್ಚುತ್ತದೆ.

ಪರಿಹಾರ ಸರಳ, ಆದರೆ ಮುಗಿಯುವಂಥದ್ದಲ್ಲ. ದಾರಿಗೆ ಅಡ್ಡವಾಗಿ, ಸ್ವಲ್ಪ ಓರೆಯಾಗಿ ಮರದ ದಿಮ್ಮಿ ಅಥವಾ ಕಲ್ಲು ಹೂಳುತ್ತಾರೆ. ನೀರು ಅದಕ್ಕೆ ತಾಗಿ ಪಕ್ಕಕ್ಕೆ ಇಳಿದುಹೋಗುತ್ತದೆ. ಅದರ ಹಿಂದೆ ತುಂಬುವ ಹೂಳನ್ನು ಯಾರಾದರೂ ಆಗಾಗ ಬಂದು ತೆಗೆಯಬೇಕು. ಪೊದೆ ಸವರಬೇಕು, ಎರಡು ಇಂಚು ಅಗಲ, ಆರು ಇಂಚು ಎತ್ತರದ ಬಿಳಿ ಗುರುತಿಗೆ ಮತ್ತೆ ಬಣ್ಣ ಬಳಿಯಬೇಕು. ಏವರಿಯವರ ದೊಡ್ಡ ಸಾಧನೆ ಇಲ್ಲಿದೆ ಎಂದು ನಮಗೆ ಅನಿಸುತ್ತದೆ. ದಾರಿಯನ್ನು ತುಂಡು ಮಾಡಿ ಒಂದೊಂದು ಊರಿನ ಕ್ಲಬ್ಬಿಗೆ ಹಂಚುವುದು, ಕ್ಲಬ್ ಇಲ್ಲದ ಕಡೆ ಹೊಸದನ್ನು ಕಟ್ಟಿಸುವುದು, ಕೆಲಸ ಆಗಿದೆಯೇ ಎಂದು ಪತ್ರದ ಮೇಲೆ ಪತ್ರ ಬರೆದು ಕೇಳುವುದು. 1931ರಿಂದ 1952ರವರೆಗೆ ಅಪಲಾಚಿಯನ್ ಟ್ರೇಲ್ ಕಾನ್ಫರೆನ್ಸ್‌ನ ಅಧ್ಯಕ್ಷರಾಗಿ ಅವರು ಮಾಡಿದ್ದು ಇದನ್ನೇ.

ಮನುಷ್ಯ ಮಾತ್ರ ಸುಲಭದವರಲ್ಲ. ಹಟ, ಮುಂಗೋಪ ಎರಡೂ ಇತ್ತು. ವರ್ಜೀನಿಯಾದ ಬೆಟ್ಟದ ನೆತ್ತಿಯ ಮೇಲೆ ಸ್ಕೈಲೈನ್ ಡ್ರೈವ್ ಎಂಬ ಮೋಟಾರು ರಸ್ತೆ ಬಂದಾಗ ಕಾಲುದಾರಿ ಜಾಗ ಬಿಡಬೇಕಾಯಿತು. ಕಾಡಿನ ನೆತ್ತಿಗೆ ಕಾರು ಬರುವುದಾದರೆ ದಾರಿಯ ಅರ್ಥವೇ ಹೋಯಿತು ಎಂಬುದು ಮೆಕಾಯ್ ನಿಲುವು. ದಾರಿ ತುಂಡಾಗದೆ ಮುಂದುವರಿದರೆ ಸಾಕು, ಪಕ್ಕಕ್ಕೆ ಸರಿಸೋಣ ಎಂಬುದು ಏವರಿ ನಿಲುವು. ಇಬ್ಬರೂ ಮುನಿಸಿಕೊಂಡರು, ಮೆಕಾಯ್ ಸಂಘಟನೆಯಿಂದ ದೂರವಾದರು. ಕಾಡಿನ ವಿಚಾರದಲ್ಲಿ ಮೆಕಾಯ್ ಹೇಳಿದ್ದೇ ಸರಿ ಎಂದು ನಮಗೆ ಕಾಣುತ್ತದೆ; ಆದರೆ ಏವರಿ ಬಗ್ಗದಿದ್ದರೆ ದಾರಿ ಅಲ್ಲೇ ಕಡಿದುಹೋಗುತ್ತಿತ್ತೇನೋ.

1937ರ ಆಗಸ್ಟ್ 14ರಂದು ಮೇನ್‌ನಲ್ಲಿ ಕೊನೆಯ ತುಂಡು ಸೇರಿತು. ಅದನ್ನು ಮುಗಿಸಿದ್ದು ನಿರುದ್ಯೋಗಿ ಯುವಕರಿಗೆ ಕೆಲಸ ಕೊಟ್ಟ ಸರ್ಕಾರಿ ಯೋಜನೆಯ ತಂಡ. ಹಾಗಾಗಿ ಸರ್ಕಾರದ ಪಾಲು ಇಲ್ಲವೆಂದಲ್ಲ. ಆದರೆ ಮರುವರ್ಷವೇ ಚಂಡಮಾರುತ ಬಂದು ನ್ಯೂ ಇಂಗ್ಲೆಂಡ್‌ನಲ್ಲಿ ಅಪಾರ ಮರಗಳನ್ನು ದಾರಿಗೆ ಉರುಳಿಸಿತು. ಆಮೇಲೆ ಯುದ್ಧ, ಕ್ಲಬ್ಬಿನವರು ಚದುರಿದರು, ಪೊದೆ ಬೆಳೆಯಿತು. ದಾರಿ ಮತ್ತೆ ಪೂರ್ತಿಯಾಗಿ ತೆರೆದುಕೊಂಡದ್ದು 1951ರಲ್ಲಿ.

ಮರುವರ್ಷ ಅನಾರೋಗ್ಯದಿಂದ ಏವರಿ ಅಧ್ಯಕ್ಷಗಿರಿ ಬಿಟ್ಟರು. ಜುಲೈನಲ್ಲಿ ಮಗನ ಜೊತೆ ಕೆನಡಾದ ನೋವಾ ಸ್ಕೋಷಿಯಾಕ್ಕೆ ಹೋದಾಗ ತೀರಿಕೊಂಡರು. ವಯಸ್ಸು 52 ಅಷ್ಟೇ. 1968ರ ಕಾನೂನು ಈ ದಾರಿಗೆ ರಾಷ್ಟ್ರೀಯ ರಕ್ಷಣೆ ಕೊಟ್ಟಿತು. ಆದರೂ ಕತ್ತರಿ ಹಿಡಿಯುವ ಕೆಲಸ ಇಂದಿಗೂ ಸುಮಾರು 30 ಸ್ಥಳೀಯ ಕ್ಲಬ್ಬುಗಳದು. ಮೇನ್‌ನ ಬಿಗೆಲೊ ಬೆಟ್ಟದ ಒಂದು ಶಿಖರಕ್ಕೆ ಏವರಿ ಹೆಸರಿದೆ. ದಾರಿ ಅದರ ಮೇಲೆಯೇ ಹಾದುಹೋಗುತ್ತದೆ, ಅಲ್ಲಿ ಅದನ್ನು ನೋಡಿಕೊಳ್ಳುವುದೂ ಸ್ವಯಂಸೇವಕರೇ.