ನಾನಾ ಶಂಕರಶೇಟರೂ ಮುರಬಾಡದ ಬಸ್ಸೂ

ಡೊಂಬಿವಲಿಯಿಂದ ಕಿಕ್ಕಿರಿದ ಲೋಕಲ್ ಗಾಡಿಯನ್ನು ಹಿಡಿದು ಕಚೇರಿಗೆ ಧಾವಿಸುವ ನಮ್ಮ ಗುಮಾಸ್ತರೂ, ಠಾಣೆ, ಕಲ್ಯಾಣಗಳ ನಿಲ್ದಾಣದೆದುರು ನಸುಕಿನಲ್ಲಿಯೇ ಒಲೆ ಹೊತ್ತಿಸುವ ನಮ್ಮ ಹೋಟೆಲಿನ ಬಂಧುಗಳೂ ಜಗನ್ನಾಥ ಶಂಕರಶೇಟರ ಹೆಸರನ್ನು ಗಿರಗಾಂವದ ರಸ್ತೆಯ ಫಲಕದಲ್ಲಿ ಕಂಡಿರಬಹುದು. ಆ ಮಹನೀಯರ ಋಣವು ತಮ್ಮ ಸಂಬಳದಲ್ಲಿಯೂ ಸೇರಿದೆಯೆಂದು ಎಣಿಸಿದವರು ವಿರಳ.

ಜನರು 'ನಾನಾ' ಎಂದು ಆದರದಿಂದ ಕರೆಯುತ್ತಿದ್ದ ಇವರು 1803ರಲ್ಲಿ ಇದೇ ಠಾಣೆ ಜಿಲ್ಲೆಯ ಮುರಬಾಡದಲ್ಲಿ ಜನಿಸಿದರು. ವ್ಯಾಪಾರದಿಂದ ಕೂಡಿದ ಅಪಾರ ಸಂಪತ್ತು ಮನೆತನದಲ್ಲಿತ್ತು. ಅದನ್ನು ಅವರು ವಿದ್ಯಾಸಂಸ್ಥೆಗಳಿಗೆ ಧಾರಾಳವಾಗಿ ನೀಡಿದರು. ಹೆಣ್ಣುಮಕ್ಕಳ ಓದನ್ನು ಸಮಾಜವು ಸಹಿಸದಿದ್ದ ಆ ಕಾಲದಲ್ಲಿ ಬಾಲಿಕೆಯರ ಶಾಲೆಗೆ ತಮ್ಮ ಮನೆಯಲ್ಲಿಯೇ ಎಡೆಗೊಟ್ಟರು.

1845ರಲ್ಲಿ ಸರ್ ಜಮ್‌ಶೇಟಜೀ ಜೀಜೀಭಾಯಿಯವರೊಡನೆ ಅವರು ರೈಲ್ವೆ ಸಂಘವೊಂದನ್ನು ಕಟ್ಟಿದರು. ಮುಂದೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ನಿರ್ದೇಶಕರಾದರು. 1853ರ ಏಪ್ರಿಲ್ 16ರಂದು ಹದಿನಾಲ್ಕು ಡಬ್ಬಿಗಳ ಗಾಡಿಯು ಸುಮಾರು 400 ಜನರನ್ನು ಹೊತ್ತು ಬೋರಿಬಂದರದಿಂದ ಠಾಣೆಗೆ 34 ಕಿಲೋಮೀಟರು ಓಡಿತು. ಮರುವರ್ಷ ಹಳಿಯು ಕಲ್ಯಾಣವನ್ನು ಮುಟ್ಟಿತು. ಆಂಗ್ಲರ ಕಣ್ಣು ದಖ್ಖನಿನ ಹತ್ತಿಯ ಮೇಲಿತ್ತೇ ಹೊರತು ಬಡವರ ಕೂಲಿಯ ಮೇಲಲ್ಲವೆಂಬುದನ್ನು ನಾವು ಮರೆಯಲಾರೆವು. ಆದರೂ ಹಳಿ ಹಾಯ್ದ ಊರಿನವನು ಅಗ್ಗದ ಬಾಡಿಗೆಯಲ್ಲಿ ನೆಲಸಿ ನಗರದ ಸಂಬಳವನ್ನು ತರುವಂತಾಯಿತು. ಆ ಸಂಬಳದ ಬೆನ್ನಿಗೆ ಅಂಗಡಿ, ಶಾಲೆ, ದವಾಖಾನೆಗಳು ಬಂದುವು, ನಮ್ಮ ಉಡುಪಿ ಹೋಟೆಲುಗಳೂ ಬಂದುವು. 1865ರ ಜುಲೈ 31ರಂದು ನಾನಾ ತೀರಿಕೊಂಡಾಗ ಡೊಂಬಿವಲಿಗೆ ನಿಲ್ದಾಣವೇ ಇರಲಿಲ್ಲ. ಅದು ಬಂದುದು 1887ರಲ್ಲಿ.

ಸರ್ಕಾರವು ಮನಸ್ಸು ಮಾಡಿದರೆ ಏನಾಗುವುದೆಂಬುದಕ್ಕೆ ನವಿ ಮುಂಬಯಿ ಸಾಕ್ಷಿ. ಖಾಡಿಯಾಚೆಯ ವಾಶಿಗೆ 1992ರಲ್ಲಿ ರೈಲು ಹೋಯಿತು. ಅದರ ವೆಚ್ಚದ ಮೂರರಲ್ಲಿ ಎರಡು ಪಾಲನ್ನು ನಗರವನ್ನು ಕಟ್ಟಿದ ಸಿಡ್ಕೋ ಸಂಸ್ಥೆಯೇ ಹೊತ್ತಿತು. ಹೊಸ ನಗರದ ಭಾಗ್ಯ ಹಳೆಯ ಮುರಬಾಡಕ್ಕೆ ಒದಗಲಿಲ್ಲ. ಕಲ್ಯಾಣದಿಂದ ಅಲ್ಲಿಗೆ ಸುಮಾರು 28 ಕಿಲೋಮೀಟರು, ನಾನಾರವರ ಮೊದಲ ಹಳಿಗಿಂತಲೂ ಕಡಿಮೆ. ಗದ್ದೆ, ಕಾಡು, ಆದಿವಾಸಿಗಳ ಹಾಡಿಗಳಿರುವ ಆ ತಾಲೂಕಿನ ತರುಣನು ನಗರದ ಕೂಲಿಗೆ ಆಸೆಪಟ್ಟರೆ ಮೊದಲು ರಸ್ತೆಯನ್ನೇ ನೆಚ್ಚಬೇಕು. ನಾನಾ ಗತಿಸಿ ನೂರೈವತ್ತು ವರ್ಷ ತುಂಬಿದ 2015ರಲ್ಲಿಯೂ, ಅವರ ಹುಟ್ಟೂರಿನವರು ರೈಲು ಹತ್ತಲು ಕಲ್ಯಾಣಕ್ಕೆ ಬಸ್ಸಿನಲ್ಲಿಯೇ ಬರಬೇಕಾಗಿತ್ತು.