ಗಡಿನಾಡಿನ ವಿಜ್ಞಾನ ಶಿಕ್ಷಕ – ಡಾ. ಎಚ್. ನರಸಿಂಹಯ್ಯ

ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಸಮೀಪದಲ್ಲಿ ರೊನಾಲ್ಡ್ ರಾಸ್ ಅವರ ಹೆಸರಿನ ಕಟ್ಟಡವೊಂದಿದೆ. ಮಲೇರಿಯಾ ರೋಗಾಣು ಸೊಳ್ಳೆಯ ಹೊಟ್ಟೆಯೊಳಗೆ ಬೆಳೆಯುವುದನ್ನು ಆ ವೈದ್ಯರು 1897ರ ಆಗಸ್ಟ್ 20ರಂದು ಗುರುತಿಸಿದರು. ಈ ಪರಿಸರದಲ್ಲಿ ನೆಲೆಸಿರುವ ನಮ್ಮ ಮಕ್ಕಳು ಆ ವಿಷಯವನ್ನು ಇಂಗ್ಲಿಷಿನಲ್ಲಿ ಓದಬಲ್ಲರು, ನೆರೆಯವರಿಂದ ತೆಲುಗಿನಲ್ಲಿ ಕೇಳಬಲ್ಲರು. ಆದರೆ ಮನೆಗೆ ಬಂದು ಅಜ್ಜಿಗೆ ಕನ್ನಡದಲ್ಲಿ ವಿವರಿಸಬಲ್ಲರೆ? ಈ ಪ್ರಶ್ನೆ ಎದುರಾದಾಗಲೆಲ್ಲ ನಮಗೆ ನೆನಪಾಗುವವರು ಡಾ. ಎಚ್. ನರಸಿಂಹಯ್ಯನವರು, ಶಿಷ್ಯರ ಬಾಯಲ್ಲಿ ಎಚ್ಚೆನ್.

ವಿಜ್ಞಾನವನ್ನು ದೇಶಭಾಷೆಗೆ ತರುವ ಹಂಬಲ ಅವರಿಗಿಂತ ಹಿಂದಿನದು. 1918ರಲ್ಲಿ ನಮ್ಮ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನು ಉರ್ದುವಿನಲ್ಲಿ ನೀಡಲು ಮುಂದಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದರು. ಆದರೆ ವಿಶ್ವವಿದ್ಯಾಲಯವೂ ಪತ್ರಿಕೆಯೂ ನಗರದವು. ಹಳ್ಳಿಯ ಶಾಲೆಯ ಹಲಗೆಯ ಮುಂದೆ ನಿಲ್ಲುವವರು ಯಾರು ಎಂಬುದು ಉಳಿದೇ ಇತ್ತು.

ಎಚ್ಚೆನ್ ಅಂಥ ಹಳ್ಳಿಯಲ್ಲೇ ಹುಟ್ಟಿದವರು. 1920ರ ಜೂನ್ 6ರಂದು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ, ಬಡ ಕುಟುಂಬವೊಂದರಲ್ಲಿ ಜನನ. ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಆ ಪ್ರದೇಶ ಇಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಗೌರಿಬಿದನೂರು, ಬಾಗೇಪಲ್ಲಿಗಳ ಸೀಮೆ ಆಂಧ್ರದ ಗಡಿಗೆ ಹೊಂದಿಕೊಂಡಿದ್ದು, ಅಲ್ಲಿನ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯ ಪಾಠ ಕನ್ನಡ. ಮುಂದೆ ಕಾಲೇಜಿಗೆ ಹೋದವನಿಗೆ ಇಂಗ್ಲಿಷ್. ಹೀಗೆ ಒಂದೇ ಬಾಲ್ಯದಲ್ಲಿ ಮೂರು ಭಾಷೆಗಳ ಹೊಸ್ತಿಲನ್ನು ದಾಟಬೇಕಾದ ಮಕ್ಕಳು ಅವರು. ಹೈದರಾಬಾದಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಈ ಚಿತ್ರ ಅಪರಿಚಿತವೇನಲ್ಲ.

ಊರಿನ ಶಾಲೆಯಲ್ಲಿ ಪ್ರೌಢಶಿಕ್ಷಣಕ್ಕೆ ಅವಕಾಶವಿರಲಿಲ್ಲ. ಹಿಂದೆ ಅಲ್ಲಿ ಪಾಠ ಹೇಳಿದ್ದ ಮುಖ್ಯೋಪಾಧ್ಯಾಯರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಹೋಗಿದ್ದರು. 1935ರಲ್ಲಿ, ಬಸ್ಸಿಗೆ ಹಣವಿಲ್ಲದ ಹುಡುಗ ಅವರನ್ನೇ ನಂಬಿ ಎರಡು ದಿನ ಕಾಲ್ನಡಿಗೆಯಲ್ಲಿ ಬೆಂಗಳೂರು ಸೇರಿದನು. ಒಬ್ಬ ಶಿಕ್ಷಕ ಹಳ್ಳಿಯ ಹುಡುಗನೊಬ್ಬನನ್ನು ಗುರುತಿಸಿದ್ದರ ಫಲ ಇದು. ಎಚ್ಚೆನ್ ಈ ಋಣವನ್ನು ಮರೆಯಲಿಲ್ಲ. ಅವರ ಮುಂದಿನ ಬದುಕೆಲ್ಲ ಅದನ್ನು ತೀರಿಸಿದ ಬಗೆಯೇ ಆಗಿದೆ ಎಂದು ನಮಗೆ ತೋರುತ್ತದೆ. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ತಿಳಿಸಿದವನೂ ಇದೇ ವಿದ್ಯಾರ್ಥಿ. ಒಂದು ಭಾಷೆಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಅರ್ಥವಾಗುವಂತೆ ಹೇಳುವ ಕೆಲಸ ಅಲ್ಲಿಂದಲೇ ಆರಂಭವಾಗಿತ್ತು.

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ 1942ರ ಚಳವಳಿ ಬಂತು. ಓದು ನಿಲ್ಲಿಸಿ ಸೆರೆಮನೆ ಸೇರಿದರು. ಹೊರಬಂದು ಪದವಿ ಮುಗಿಸಿದರು. 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದರು. ಮುಂದೆ ಅಮೆರಿಕೆಯ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ಭೌತವಿಜ್ಞಾನವನ್ನು ಅಭ್ಯಸಿಸಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಂಥ ಪದವಿಯುಳ್ಳವರಿಗೆ ಹೊರನಾಡಿನಲ್ಲಿ ಅವಕಾಶಗಳಿಗೆ ಕೊರತೆಯಿರಲಿಲ್ಲ. ಎಚ್ಚೆನ್ ಅದೇ ಕಾಲೇಜಿಗೆ ಮರಳಿ 1961ರಿಂದ 1972ರವರೆಗೆ ಪ್ರಾಂಶುಪಾಲರಾಗಿದ್ದರು. ಅವಿವಾಹಿತರಾಗಿ, ಖಾದಿ ಉಟ್ಟು, ವಿದ್ಯಾರ್ಥಿ ನಿಲಯದ ಕೋಣೆಯಲ್ಲೇ ದಶಕಗಳ ಕಾಲ ಬಾಳಿದರು.

1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ವಾರಕ್ಕೊಮ್ಮೆ ವಿಜ್ಞಾನಿಗಳನ್ನು ಜನಸಾಮಾನ್ಯರ ಮುಂದೆ ತಂದು ನಿಲ್ಲಿಸಿತು. ವಿಜ್ಞಾನಿ ತನ್ನ ವಿಷಯವನ್ನು ಹೊರಗಿನವರಿಗೂ ತಿಳಿಯುವಂತೆ ಹೇಳಬೇಕು, ಕೇಳುಗನು ಎದ್ದು ನಿಂತು ಪ್ರಶ್ನಿಸಬೇಕು. ಶಿಕ್ಷಕನಾಗುವವನಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಯಾವುದಿದ್ದೀತು?

ಆದರೆ ನಮ್ಮ ಮಟ್ಟಿಗೆ ಅವರ ಹಿರಿಯ ಕಾಯಕ ಗಡಿ ತಾಲ್ಲೂಕುಗಳಲ್ಲಿ ನಡೆಯಿತು. ನ್ಯಾಷನಲ್ ಎಜುಕೇಷನ್ ಸೊಸೈಟಿಯ ಮೂಲಕ ಅವರು ಗೌರಿಬಿದನೂರು, ಬಾಗೇಪಲ್ಲಿಗಳಿಗೆ ಕಾಲೇಜುಗಳನ್ನು ಒಯ್ದರು. ಬೆಂಗಳೂರಿಗೆ ನಡೆದು ಬಂದವರು, ಮುಂದಿನವರು ನಡೆಯಬೇಕಾಗದಂತೆ ನೋಡಿಕೊಂಡರು.

ಇಂಥ ಸೀಮೆಯಲ್ಲಿ ವಿಜ್ಞಾನ, ಗಣಿತ ಕಲಿಸುವವನಿಗೆ ಏನು ಬೇಕೆಂಬುದನ್ನು ನಾವು ಒಂದು ಉದಾಹರಣೆಯಿಂದ ತಿಳಿಯಬಹುದು. ಬಲ, ಶಕ್ತಿ, ವೇಗ, ದ್ರವ್ಯರಾಶಿ – ಭೌತಶಾಸ್ತ್ರದ ಈ ಪದಗಳು ಕನ್ನಡಕ್ಕೂ ತೆಲುಗಿಗೂ ಸಮಾನ. ಅಷ್ಟರಿಂದಲೇ ಪಾಠ ಸುಲಭವಾಗುವುದಿಲ್ಲ. ಮನೆಯಲ್ಲಿ ಬಲವೆಂದರೂ ಶಕ್ತಿಯೆಂದರೂ ಒಂದೇ. ಭೌತಶಾಸ್ತ್ರದಲ್ಲಿ ಬಲ ಬೇರೆ, ಶಕ್ತಿ ಬೇರೆ. ಗೋಡೆಯನ್ನು ಇಡೀ ದಿನ ತಳ್ಳಿ ಬೆವರಿದರೂ, ಗೋಡೆ ಕದಲದಿದ್ದರೆ ಅದರ ಮೇಲೆ ನಡೆದ ಕೆಲಸ ಶೂನ್ಯವೆಂದು ಪುಸ್ತಕ ಹೇಳುತ್ತದೆ. ಮಗುವಿನ ಮನೆಮಾತು ತಿಳಿದ ಶಿಕ್ಷಕನು ಗೊಂದಲ ಎಲ್ಲಿದೆಯೆಂದು ಮೊದಲೇ ಅರಿತಿರುತ್ತಾನೆ. ತಿಳಿಯದವನು ಮಗುವನ್ನು ದಡ್ಡನೆಂದು ಭಾವಿಸುತ್ತಾನೆ. ಎರಡು ಭಾಷೆ ಬಲ್ಲ ಶಿಕ್ಷಕ ಬಡ ಶಾಲೆಗೆ ಅನಿವಾರ್ಯವಾಗುವುದು ಇಲ್ಲಿ.

1972ರಿಂದ 1977ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು 1976ರಲ್ಲಿ ಸಮಿತಿಯೊಂದನ್ನು ರಚಿಸಿದಾಗ ದೇಶವೆಲ್ಲ ಅವರತ್ತ ನೋಡಿತು, ವಿರೋಧವೂ ಬಂತು. ಅವರ ದೃಷ್ಟಿಯಲ್ಲಿ ಅದೂ ತರಗತಿಯ ಪಾಠದ ಮುಂದುವರಿಕೆಯೇ ಆಗಿತ್ತು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದು ಅವರು ಜೀವನದುದ್ದಕ್ಕೂ ವಿದ್ಯಾರ್ಥಿಗಳಿಗೆ ಕಲಿಸಿದ ಸೂತ್ರ. ಪ್ರಶ್ನೆ ಕೇಳಲು ಮಗುವಿಗೆ ಧೈರ್ಯದೊಂದಿಗೆ ಭಾಷೆಯೂ ಬೇಕು. ‘ತೆರೆದ ಮನ’ದ ಲೇಖನಗಳನ್ನೂ ಆತ್ಮಕಥೆ ‘ಹೋರಾಟದ ಹಾದಿ’ಯನ್ನೂ ಅವರು ಕನ್ನಡದಲ್ಲೇ ಬರೆದದ್ದನ್ನು ಇಲ್ಲಿ ನೆನೆಯಬೇಕು. 1984ರಲ್ಲಿ ಅವರಿಗೆ ಪದ್ಮಭೂಷಣ ಗೌರವ ಸಂದಿತು. 2005ರ ಜನವರಿ 31ರಂದು ನಿಧನರಾದರು.

ಅವರು ಅಗಲಿ ಎರಡು ದಶಕಗಳು ಸಂದಿವೆ. ಇತ್ತ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಂಥ ಗಡಿಗ್ರಾಮಗಳಲ್ಲಿ ಕನ್ನಡ ಮನೆಮಾತಿನ ಮಕ್ಕಳಿದ್ದಾರೆ. ಹೊಸೂರಿನ ಬಾಲಕನ ಚಿತ್ರವನ್ನು ತಿರುಗಿಸಿ ಹಿಡಿದರೆ ಕಾಣುವವರು ಇವರೇ: ಮನೆಯಲ್ಲಿ ಕನ್ನಡ, ಸುತ್ತಲೂ ತೆಲುಗು, ಮುಂದೆ ಇಂಗ್ಲಿಷ್. ನಮ್ಮಲ್ಲಿ ಎಂಜಿನಿಯರರು, ವಿಜ್ಞಾನಿಗಳು, ನಿವೃತ್ತ ಅಧ್ಯಾಪಕರು ಅನೇಕರಿದ್ದಾರೆ. ಕನ್ನಡ, ತೆಲುಗು ಎರಡನ್ನೂ ಸರಾಗವಾಗಿ ಆಡಬಲ್ಲವರು. ಅಂಥ ಶಾಲೆಯೊಂದರ ವಿಜ್ಞಾನ, ಗಣಿತ ಶಿಕ್ಷಕರೊಡನೆ ವರ್ಷಕ್ಕೆ ಕೆಲವು ದಿನ ಕುಳಿತು, ಒಂದೊಂದು ಪಾಠವನ್ನು ಎರಡು ನುಡಿಗಳಲ್ಲಿ ಹೇಗೆ ಬಿಡಿಸಿ ಹೇಳಬಹುದೆಂದು ಜೊತೆಗೂಡಿ ಯೋಚಿಸುವುದು ನಮ್ಮಿಂದ ಆಗದ ಕೆಲಸವಲ್ಲ. ಜಯಂತಿಯಂದು ಭಾವಚಿತ್ರಕ್ಕೆ ಹಾಕುವ ಹಾರಕ್ಕಿಂತ ಎಚ್ಚೆನ್ ಅವರಿಗೆ ಅದು ಹೆಚ್ಚು ಒಪ್ಪಿಗೆಯಾಗುತ್ತಿತ್ತು ಎಂದು ನಾವು ನಂಬಿದ್ದೇವೆ.