ಗಣಕಕ್ಕೆ ಆಟ ಕಲಿಸಿದ ಮೇಷ್ಟ್ರು

ಮಕ್ಕಳೇ, ನೀವು ಹುಲಿ-ಕುರಿ ಆಟ ಆಡಿದ್ದೀರಲ್ಲವೇ? ಅದರಂತೆಯೇ ಎದುರಾಳಿಯ ಕಾಯಿಯನ್ನು ಹಾರಿ ಹೊಡೆಯುವ ಡ್ರಾಫ್ಟ್ಸ್ ಎಂಬ ಆಟ ಇಂಗ್ಲೆಂಡಿನಲ್ಲಿದೆ. ಅದನ್ನು ಗಣಕಯಂತ್ರಕ್ಕೆ ಕಲಿಸಲು ಹೊರಟವರು ಒಬ್ಬ ಶಾಲಾ ಮೇಷ್ಟ್ರು. ಹೆಸರು ಕ್ರಿಸ್ಟೋಫರ್ ಸ್ಟ್ರೇಚಿ.

ಸ್ಟ್ರೇಚಿ ಹುಟ್ಟಿದ್ದು 1916ರಲ್ಲಿ. ಕೇಂಬ್ರಿಜ್‌ನಲ್ಲಿ ಓದಿದರೂ ಪರೀಕ್ಷೆಯಲ್ಲಿ ಮುಂದಿರಲಿಲ್ಲ. ಹ್ಯಾರೋ ಶಾಲೆಯಲ್ಲಿ ಪಾಠ ಹೇಳುತ್ತಾ ಬಿಡುವಿನಲ್ಲಿ ಆಟದ ಪ್ರೋಗ್ರಾಮ್ ಬರೆದರು. 1951ರಲ್ಲಿ ಅದನ್ನು ಪೈಲಟ್ ಏಸ್ ಎಂಬ ಗಣಕಕ್ಕೆ ಕೊಟ್ಟರೆ ಅದರ ಮೆಮೊರಿಯೇ ಸಾಲದಾಯಿತು! ತಪ್ಪುಗಳೂ ಇದ್ದವು, ಆಟ ನಡೆಯಲಿಲ್ಲ. ಮೇಷ್ಟ್ರು ಬಿಡಲಿಲ್ಲ. ಕಾಲೇಜಿನಿಂದಲೇ ಪರಿಚಯವಿದ್ದ ಅಲನ್ ಟ್ಯೂರಿಂಗ್ ಅವರನ್ನು ಕೇಳಿ ಮ್ಯಾಂಚೆಸ್ಟರಿನ ದೊಡ್ಡ ಗಣಕದ ಕೈಪಿಡಿ ಪಡೆದು, ಎಲ್ಲವನ್ನೂ ಹೊಸದಾಗಿ ಬರೆದರು. 1952ರ ಬೇಸಿಗೆಯ ಹೊತ್ತಿಗೆ ಗಣಕ ಪೂರ್ತಿ ಆಟ ಆಡಿತು. ಅದೇ ವರ್ಷ ಅವರು ಶಾಲೆ ಬಿಟ್ಟು ಗಣಕದ ಕೆಲಸಕ್ಕೇ ಸೇರಿದರು.

1967ರಲ್ಲಿ ಸ್ಟ್ರೇಚಿ ಕೋಪನ್‌ಹೇಗನ್ನಿನಲ್ಲಿ ಉಪನ್ಯಾಸ ಕೊಟ್ಟರು. ಗಣಕದಲ್ಲಿ ವಿಷಯವನ್ನು ಇಡುವ ಜಾಗ ಬೇರೆ, ಅಲ್ಲಿರುವ ವಿಷಯ ಬೇರೆ ಎಂದು ಅದರಲ್ಲಿ ಬಿಡಿಸಿ ತೋರಿಸಿದರು. ಇಷ್ಟು ಸಣ್ಣ ಮಾತಿನಿಂದ ಏನು ಪ್ರಯೋಜನ ಎನ್ನುವಿರಾ? ನೋಡಿ.

ಹಾಸನದ ಗಣಕದಲ್ಲಿ ಜಿಲ್ಲೆಯ ಊರುಗಳ ಪಟ್ಟಿಯಿದೆ ಎಂದುಕೊಳ್ಳಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ತಮಗೂ ಒಂದೊಂದು ಪ್ರತಿ ಬೇಕೆಂದರು. ಜಾಣ ಗಣಕ ಮೂರು ಪ್ರತಿ ಮಾಡುವುದಿಲ್ಲ. ಒಂದೇ ಪಟ್ಟಿಯನ್ನು ಮೂವರಿಗೂ ತೋರಿಸುತ್ತದೆ. ಬರೀ ಓದುವುದಕ್ಕೆ ಒಂದೇ ಸಾಕಲ್ಲ! ಅರಕಲಗೂಡಿನವರು ಒಂದು ಹೆಸರು ತಿದ್ದಲು ಹೊರಟಾಗ ಮಾತ್ರ ಅವರಿಗೆ ಬೇರೆ ಪ್ರತಿ ಮಾಡಿಕೊಡುತ್ತದೆ. ಇಲ್ಲದಿದ್ದರೆ ಆ ತಿದ್ದುಪಡಿ ಉಳಿದವರ ಪಟ್ಟಿಯಲ್ಲೂ ಕಾಣಿಸಿ ರಗಳೆಯಾದೀತು. ಇದೇ ಕಾಪಿ ಆನ್ ರೈಟ್, ಅಂದರೆ ಬರೆಯುವಾಗಷ್ಟೇ ಪ್ರತಿ. ಸ್ವಿಫ್ಟ್, ಪಿಎಚ್‌ಪಿ ಭಾಷೆಗಳ ಪಟ್ಟಿಗಳು ಹೀಗೆಯೇ ನಡೆಯುತ್ತವೆ. ಈ ಉಪಾಯ ಸ್ಟ್ರೇಚಿಯವರದಲ್ಲ, ಆದರೆ ಜಾಗ ಬೇರೆ, ವಿಷಯ ಬೇರೆ ಎಂದು ತಿಳಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಆಕ್ಸ್‌ಫರ್ಡಿನಲ್ಲಿ ಅವರ ಶಿಷ್ಯರಾಗಿದ್ದ ಕ್ರಿಸ್ಟೋಫರ್ ವಾಡ್ಸ್‌ವರ್ತ್ 1971ರಲ್ಲಿ ಇನ್ನೊಂದು ದಾರಿ ತೋರಿಸಿದರು. ಉತ್ತರ ಬೇಕಾದಾಗಲೇ ಲೆಕ್ಕ ಮಾಡುವುದು, ಒಮ್ಮೆ ಮಾಡಿದ್ದನ್ನು ಮತ್ತೆ ಮಾಡದೆ ಇಟ್ಟುಕೊಳ್ಳುವುದು. ಹ್ಯಾಸ್ಕೆಲ್ ಭಾಷೆಯಲ್ಲಿ ಎಲ್ಲ ಸಮಸಂಖ್ಯೆಗಳ ಪಟ್ಟಿ ಎಂದು ಬರೆದರೂ ಗಣಕ ಹೆದರುವುದಿಲ್ಲ. ಮೊದಲ ಐದು ಕೇಳಿದರೆ 2, 4, 6, 8, 10 ಕೊಟ್ಟು ಸುಮ್ಮನಾಗುತ್ತದೆ. ಇದು ಸೋಮಾರಿ ಪಟ್ಟಿ. (ಮನೆಪಾಠ ಬರೆಯದಿದ್ದಾಗ ಈ ನೆಪ ಹೇಳಬೇಡಿ!)

ಸ್ಟ್ರೇಚಿ 1975ರಲ್ಲಿ, ತಮ್ಮ 58ನೇ ವಯಸ್ಸಿನಲ್ಲಿ ತೀರಿಕೊಂಡರು. 1967ರ ಆ ಉಪನ್ಯಾಸದ ಟಿಪ್ಪಣಿಗಳು ಬಹುಕಾಲ ಕೈಯಿಂದ ಕೈಗೆ ದಾಟುತ್ತಿದ್ದವು. ಪತ್ರಿಕೆಯೊಂದರಲ್ಲಿ ಅವು ಅಚ್ಚಾದದ್ದು 2000ದಲ್ಲಿ.